ಚಳಿಗಾಲದ ಮರುಭೂಮಿಯಲ್ಲಿ ಆರ್‌ವಿ: ಬಯಲೋ, ಪಾರ್ಕೋ? ಫರ್ನೇಸೋ, ಬೇರೆ ಹೀಟರೋ?

ಜನವರಿಯಲ್ಲಿ ಅರಿಜೋನಾದ ಕ್ವಾರ್ಟ್ಸ್‌ಸೈಟ್ ಊರಿನ ಸುತ್ತ ಕಣ್ಣು ಹಾಯಿಸಿದಷ್ಟು ದೂರಕ್ಕೂ ಆರ್‌ವಿಗಳೇ, ಅಂದರೆ ಅಡುಗೆ, ಹಾಸಿಗೆ, ಕಕ್ಕಸು ಎಲ್ಲ ಒಳಗೇ ಇರುವ ಗಾಲಿಮನೆಗಳು. ಒಬ್ಬರು ಇಡೀ ಚಳಿಗಾಲಕ್ಕೆ ಒಂದೇ ಪರ್ಮಿಟ್ ತೆಗೆದುಕೊಂಡು ನಿಂತಿರುತ್ತಾರೆ, ಇನ್ನೊಬ್ಬರು ಬಿಟ್ಟಿ, ಮತ್ತೊಬ್ಬರು ಊರೊಳಗೆ ತಿಂಗಳ ಬಾಡಿಗೆ ಕೊಟ್ಟು. ಮೂವರಿಗೂ ತಮ್ಮದೇ ಸರಿ. ಹೊಸಬರು ದಿನದ ಬಾಡಿಗೆ ನೋಡಿ ಜಾಗ ಆರಿಸುತ್ತಾರೆ, ಎಡವುವುದೂ ಅಲ್ಲೇ. ನೋಡಬೇಕಾದ್ದು ಬೇರೆ: ನಿಮ್ಮ ಗಾಡಿಯಲ್ಲಿ ಯಾವುದು ಮೊದಲು ಖಾಲಿಯಾಗುತ್ತದೆ, ಯಾವುದು ಮೊದಲು ತುಂಬುತ್ತದೆ. ಅದು ಗೊತ್ತಾದರೆ ಜಾಗ ತಾನಾಗಿಯೇ ತೀರ್ಮಾನವಾಗುತ್ತದೆ.

ಇಲ್ಲಿನ ಲೆಕ್ಕವೆಲ್ಲ ಇಬ್ಬರಿಗೆ, ಪಿಕಪ್ಪಿನ ಹಿಂದೆ ಕಟ್ಟಿ ಎಳೆಯುವ 25 ಅಡಿಯ ಟ್ರೇಲರಿಗೆ. ಬಳಕೆಯ ನೀರಿನ ಫ್ರೆಶ್ ಟ್ಯಾಂಕ್ 40 ಗ್ಯಾಲನ್, ಅಂದರೆ ಸುಮಾರು 150 ಲೀಟರ್. ಸಿಂಕು, ಬಚ್ಚಲಿನ ನೀರು ಸೇರುವ ಗ್ರೇ ಟ್ಯಾಂಕ್ 40, ಕಕ್ಕಸಿನ ಬ್ಲ್ಯಾಕ್ ಟ್ಯಾಂಕ್ 30. ಚಾವಣಿಯ ಮೇಲೆ 400 ವ್ಯಾಟ್ ಸೋಲಾರ್, ಮುಂದೆ 20 ಪೌಂಡಿನ ಎರಡು ಪ್ರೋಪೇನ್ ಸಿಲಿಂಡರ್.

ಮೊದಲು ನೀರಿನ ಲೆಕ್ಕ

ಕೈ ಬಿಗಿಹಿಡಿದರೆ ಇಬ್ಬರಿಗೆ ದಿನಕ್ಕೆ 5 ಗ್ಯಾಲನ್ ಸಾಕು. ಕುಡಿಯಲು, ಅಡುಗೆಗೆ ಒಂದು, ಪಾತ್ರೆಗೆ ಒಂದೂವರೆ, ಮೈ-ಕೈ ತೊಳೆಯಲು ಒಂದೂವರೆ, ಕಕ್ಕಸಿಗೆ ಒಂದು. ಹೀಗೆ ನಡೆಸಿದಾಗ ಫ್ರೆಶ್ ಟ್ಯಾಂಕ್ 8 ದಿನ ಬಂತು. ಗ್ರೇ ತುಂಬಲು 12-13 ದಿನ ಹಿಡಿಯಿತು, ಬ್ಲ್ಯಾಕ್ ತುಂಬಲು 14-15 ದಿನ. ಆದ್ದರಿಂದ ಮೊದಲು ಕೈಕೊಡುವುದು ನೀರು; ಮಧ್ಯೆ ಒಮ್ಮೆ ನೀರು ತಂದು ತುಂಬಿದರೆ ಆಮೇಲೆ ಸತಾಯಿಸುವುದು ಗ್ರೇ ಟ್ಯಾಂಕ್. ಕಕ್ಕಸಿನ ಟ್ಯಾಂಕಿನ ಬಗ್ಗೆ ಎಲ್ಲರೂ ಹೆದರುತ್ತಾರೆ, ಆದರೆ ತುಂಬುವುದರಲ್ಲಿ ಅದೇ ಕೊನೆ.

ಸ್ನಾನ ಈ ಲೆಕ್ಕವನ್ನು ಒಂದೇ ದಿನದಲ್ಲಿ ಕೆಡಿಸುತ್ತದೆ. ಸಾಮಾನ್ಯ ಷವರ್ ನಿಮಿಷಕ್ಕೆ ಸುಮಾರು 2 ಗ್ಯಾಲನ್ ಬಿಡುತ್ತದೆ; ಐದು ನಿಮಿಷ ನಿಂತರೆ ಎರಡು ದಿನದ ನೀರು ಹೋಯಿತು. ಮೈ ಒದ್ದೆ ಮಾಡಿ, ನಲ್ಲಿ ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ಬಿಟ್ಟರೆ ಒಬ್ಬರಿಗೆ 2 ಗ್ಯಾಲನ್ನಿಗೆ ಮುಗಿಯುತ್ತದೆ. ಬಿಸಿನೀರು ಬರುವ ತನಕ ಹರಿಯುವ ತಣ್ಣೀರನ್ನು ಬಕೆಟ್ಟಿಗೆ ಹಿಡಿದು ಕಕ್ಕಸಿಗೆ ಬಳಸಿ. ಬಕೆಟ್ಟು-ಚೊಂಬಿನ ಸ್ನಾನ ಗೊತ್ತಿರುವ ನಮ್ಮವರಿಗೆ ಇದೇನೂ ಹೊಸ ವಿದ್ಯೆಯಲ್ಲ. ಚೊಂಬು ಹಿಡಿದರೆ ಒಂದೂವರೆ ಗ್ಯಾಲನ್ ಸಾಕು.

ನಮ್ಮ ಅಡುಗೆಯಲ್ಲಿ ನೀರು ತಿನ್ನುವುದು ಪಾತ್ರೆ. ಸಾರಿನ ತಳ, ಒಗ್ಗರಣೆಯ ಎಣ್ಣೆ ಗ್ರೇ ಟ್ಯಾಂಕಿಗೆ ಇಳಿದರೆ ಎರಡು ತೊಂದರೆ. ಒಂದು ವಾಸನೆ. ಇನ್ನೊಂದು, ಟ್ಯಾಂಕಿನ ಒಳಗೋಡೆಯಲ್ಲಿರುವ ಸೆನ್ಸರ್ ಮೊಳೆಗಳ ಮೇಲೆ ಜಿಡ್ಡು ಕೂರುತ್ತದೆ, ಟ್ಯಾಂಕ್ ಖಾಲಿಯಿದ್ದರೂ ದೀಪ ಮುಕ್ಕಾಲು ತುಂಬಿದೆ ಅನ್ನುತ್ತದೆ. ಆ ದೀಪ ನಂಬಿ ಓಡಾಡುವವರು ವಾರಕ್ಕೊಮ್ಮೆ ಸುಮ್ಮನೆ ಡಂಪಿಗೆ, ಅಂದರೆ ಟ್ಯಾಂಕ್ ಖಾಲಿ ಮಾಡುವ ಜಾಗಕ್ಕೆ, ಹೋಗುತ್ತಾರೆ. ಪಾತ್ರೆಯನ್ನು ಮೊದಲು ಕಾಗದದಲ್ಲಿ ಒರೆಸಿ, ಕಾಗದವನ್ನು ಕಸಕ್ಕೆ ಹಾಕಿ, ಆಮೇಲೆ ತೊಳೆಯಿರಿ. ಅನ್ನ, ಬೇಳೆ ಒಂದೇ ಕುಕ್ಕರಿನಲ್ಲಿ ಡಬ್ಬಿ ಪೇರಿಸಿ ಬೇಯಿಸಿದರೆ ನೀರೂ ಉಳಿತಾಯ, ಗ್ಯಾಸೂ ಉಳಿತಾಯ. ಅಕ್ಕಿ ತೊಳೆದ ನೀರನ್ನು ಸಿಂಕಿಗೆ ಬಿಡದೆ ಕಕ್ಕಸಿನ ಬಕೆಟ್ಟಿಗೆ ಸುರಿಯಿರಿ. ಯಾವ ನೀರನ್ನೂ ನೆಲಕ್ಕೆ ಚೆಲ್ಲಬೇಡಿ. ಬಚ್ಚಲು ನೀರೇ ಆದರೂ ಡಂಪ್ ಸ್ಟೇಷನ್ನಿನಲ್ಲೇ ಬಿಡಬೇಕು.

ಎಲ್‌ಟಿವಿಎ ಮತ್ತು 14 ದಿನದ ಬಿಟ್ಟಿ ಜಾಗ

ಅಮೆರಿಕದ ಕೇಂದ್ರ ಸರ್ಕಾರದ ಭೂಮಿ ನೋಡಿಕೊಳ್ಳುವ ಬಿಎಲ್‌ಎಂ ಇಲಾಖೆ ಚಳಿಗಾಲದವರಿಗಾಗಿಯೇ ಇಟ್ಟ ಬಯಲುಗಳಿಗೆ ಎಲ್‌ಟಿವಿಎ (ಲಾಂಗ್ ಟರ್ಮ್ ವಿಸಿಟರ್ ಏರಿಯಾ) ಅನ್ನುತ್ತಾರೆ. ದೊಡ್ಡದು ಕ್ವಾರ್ಟ್ಸ್‌ಸೈಟಿನ ದಕ್ಷಿಣಕ್ಕೆ ಹೈವೇ 95ರ ಎರಡು ಬದಿಗೂ ಇರುವ ಲಾ ಪೋಸಾ. ಯೂಮಾ ಕಡೆಗೆ, ಕೊಲರಾಡೊ ನದಿಯ ಹತ್ತಿರ ಇಂಪೀರಿಯಲ್ ಡ್ಯಾಮ್. ಅವಧಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15. ಬಹುಕಾಲ ಇದ್ದ ದರ ಇಡೀ ಅವಧಿಗೆ 180 ಡಾಲರ್, 14 ದಿನಕ್ಕೆ 40 ಡಾಲರ್. ಹೊರಡುವ ಮುನ್ನ ಆ ವರ್ಷದ ದರ ನೋಡಿಕೊಳ್ಳಿ. ಐದು ತಿಂಗಳಿದ್ದರೆ ಆ 180 ಡಾಲರ್, ದಿನಕ್ಕೆ ಒಂದೂಕಾಲು ಡಾಲರೂ ಆಗುತ್ತಿರಲಿಲ್ಲ. ಒಂದೇ ಪರ್ಮಿಟ್ಟಿನಲ್ಲಿ ಒಂದು ಎಲ್‌ಟಿವಿಎಯಿಂದ ಇನ್ನೊಂದಕ್ಕೆ ಹೋಗಬಹುದು.

14 ದಿನದ ಜಾಗವೂ ಅದೇ ಇಲಾಖೆಯದು, ಅದೇ ಕಲ್ಲು-ಮಣ್ಣಿನ ಬಯಲು. ಕ್ವಾರ್ಟ್ಸ್‌ಸೈಟಿನ ಉತ್ತರಕ್ಕೆ ಪ್ಲೊಮೋಸಾ ರಸ್ತೆ, ಪಶ್ಚಿಮಕ್ಕೆ ಡೋಮ್ ರಾಕ್. ಶುಲ್ಕವಿಲ್ಲ, 28 ದಿನದಲ್ಲಿ 14 ದಿನ ಮಾತ್ರ, ಆಮೇಲೆ 25 ಮೈಲಿ ಆಚೆ ಹೋಗಬೇಕು.

ಎರಡರ ನಡುವಿನ ವ್ಯತ್ಯಾಸ ದುಡ್ಡಿನದಲ್ಲ, ಪೈಪಿನದು. ಲಾ ಪೋಸಾ ಸೌತ್‌ನಲ್ಲಿ ಕುಡಿಯುವ ನೀರಿನ ನಲ್ಲಿ, ಡಂಪ್ ಸ್ಟೇಷನ್, ಕಸದ ತೊಟ್ಟಿ ಮೂರೂ ಇವೆ, ಪರ್ಮಿಟ್ ಇದ್ದವರು ಎಷ್ಟು ಸಲ ಬೇಕಾದರೂ ಬಳಸಬಹುದು. ಬಿಟ್ಟಿ ಜಾಗದಲ್ಲಿ ಇವು ಯಾವುದೂ ಇಲ್ಲ. ಊರಿಗೆ ಹೋಗಿ, ಡಂಪಿಗೂ ನೀರಿಗೂ ದುಡ್ಡು ಕೊಟ್ಟು, ಕಸವನ್ನೂ ಸಾಗಿಸಿ ಬರಬೇಕು. ಎರಡು ವಾರಕ್ಕೊಮ್ಮೆ ಟ್ರೇಲರ್ ಕಟ್ಟಿಕೊಂಡು 25 ಮೈಲಿ ಎಳೆಯುವ ಡೀಸೆಲ್ ಸೇರಿಸಿ. ಆ ಹಳೆಯ ದರದಲ್ಲಿ ಎರಡು ತಿಂಗಳಿಗಿಂತ ಹೆಚ್ಚು ಇರುವವರಿಗೆ ಬಿಟ್ಟಿ ಜಾಗವೇ ದುಬಾರಿ. ಹತ್ತು-ಹನ್ನೆರಡು ದಿನ ಇದ್ದು ಮುಂದಕ್ಕೆ ಹೋಗುವವರಿಗೆ ಮಾತ್ರ ಅದು ಸರಿ. ತುಂಬಿದ ಫ್ರೆಶ್ ಟ್ಯಾಂಕ್, ಖಾಲಿ ಗ್ರೇ, ಖಾಲಿ ಬ್ಲ್ಯಾಕ್ ಇಟ್ಟುಕೊಂಡು ಬನ್ನಿ, ಮಧ್ಯೆ ಊರಿಂದ ಒಮ್ಮೆ ನೀರು ತಂದುಕೊಳ್ಳಿ. ಡಂಪಿನ ಗೋಜು ಬೇಡ.

ಏಕಾಂತ ಬೇಕಾದವರಿಗೂ ಬಿಟ್ಟಿ ಜಾಗವೇ ಲೇಸು, ಅದನ್ನು ಒಪ್ಪಬೇಕು. ಎಲ್‌ಟಿವಿಎಯ ನಿಯಮ ಎರಡು ಗಾಡಿಗಳ ನಡುವೆ 15 ಅಡಿ ಬಿಟ್ಟರೆ ಸಾಕು ಅನ್ನುತ್ತದೆ. ಜನವರಿಯ ದೊಡ್ಡ ಆರ್‌ವಿ ಪ್ರದರ್ಶನದ ದಿನಗಳಲ್ಲಿ ಕೆಲವರು ಅಷ್ಟೇ ಬಿಡುತ್ತಾರೆ, ಜನರೇಟರನ್ನು ನಿಮ್ಮ ಕಿಟಕಿ ಕಡೆಗಿಟ್ಟು. ಡಂಪಿನ ಸಾಲೂ ಆಗ ರಸ್ತೆಗೆ ಬರುತ್ತದೆ. ಬೆಳಿಗ್ಗೆ ಏಳರೊಳಗೆ ಹೋಗಿ, ಇಲ್ಲವೇ ಆ ಎರಡು ವಾರ ಅದೇ ಪರ್ಮಿಟ್ಟಿನಲ್ಲಿ ಇಂಪೀರಿಯಲ್ ಡ್ಯಾಮಿಗೆ ಜಾರಿಕೊಳ್ಳಿ.

ನೀರು ತರುವುದಕ್ಕೆ ಗಾಡಿ ಅಲುಗಿಸಬೇಕಿಲ್ಲ. ಪಿಕಪ್ಪಿನ ಹಿಂಬದಿಯಲ್ಲಿ 45 ಗ್ಯಾಲನ್ನಿನ ನೀರಿನ ಚೀಲ ಹಾಸಿ, ತುಂಬಿಸಿ ತಂದು, 12 ವೋಲ್ಟಿನ ಸಣ್ಣ ಪಂಪಿನಿಂದ ಟ್ರೇಲರಿಗೆ ಏರಿಸಿದರೆ ಕಾಲು ಗಂಟೆಯ ಕೆಲಸ. ತುಂಬಿದ ಚೀಲ 170 ಕಿಲೋ ತೂಗುತ್ತದೆ, ತಿರುವಿನಲ್ಲಿ ಹೊರಳುತ್ತದೆ. ನಾಲ್ಕೂ ಮೂಲೆಗೆ ಪಟ್ಟಿ ಬಿಗಿಯಿರಿ. ಎಂಜಿನ್ನೂ ಮನೆಯೂ ಒಂದೇ ಗಾಡಿಯಲ್ಲಿರುವ ಕ್ಲಾಸ್ ಸಿ ಮೋಟರ್‌ಹೋಮ್ ಇರುವವರಿಗೆ ಈ ಸೌಲಭ್ಯವಿಲ್ಲ. ಹಿಂದೆ ಕಾರು ಎಳೆದು ತರದಿದ್ದರೆ ಹಾಲಿಗೂ ಮನೆಯನ್ನೇ ಕಟ್ಟಿಕೊಂಡು ಹೋಗಬೇಕು. ಒಂದೇ ಕಡೆ ತಿಂಗಳುಗಟ್ಟಲೆ ಕೂರುವ ಇಬ್ಬರಿಗೆ ಟ್ರೇಲರ್, ಮೂರು ದಿನಕ್ಕೊಂದು ಊರು ಸುತ್ತುವವರಿಗೆ ಮೋಟರ್‌ಹೋಮ್. ಇದರಲ್ಲಿ ಹೆಚ್ಚು ಚರ್ಚೆಗೆ ಜಾಗವಿಲ್ಲ.

ಬಯಲಿನಲ್ಲಿ ಎಲ್ಲಿ ನಿಲ್ಲಿಸಬಾರದು ಅನ್ನುವುದು ಮುಖ್ಯ. ಒಣಗಿದ ಹಳ್ಳದಲ್ಲಿ ಬೇಡ. ಅಲ್ಲಿ ಮರಳು ಮೆತ್ತಗೆ, ಮರ ನೆರಳು ಕೊಡುತ್ತದೆ, ಕಣ್ಣಿಗೆ ಚೆಂದ. ದೂರದ ಬೆಟ್ಟದಲ್ಲಿ ಸುರಿದ ಮಳೆ ನಿಮ್ಮ ತಲೆಯ ಮೇಲೆ ಹನಿಯೂ ಬೀಳದಿರುವಾಗ ಹಳ್ಳದಲ್ಲಿ ಬರುತ್ತದೆ. ಕಪ್ಪಾದ ಸಣ್ಣ ಕಲ್ಲು ಹಾಸಿದಂತಿರುವ ಗಟ್ಟಿ ನೆಲ ಆರಿಸಿ. ಮೊದಲು ಇಳಿದು ನಡೆದು ನೋಡಿ. ಹಿಮ್ಮಡಿ ಹೂತರೆ ಚಕ್ರವೂ ಹೂಳುತ್ತದೆ.

ಕರೆಂಟ್ ಇರುವ ಜಾಗ

ಫೀನಿಕ್ಸ್ ಸುತ್ತಲಿನ ಮ್ಯಾರಿಕೋಪಾ ಕೌಂಟಿಯ ಯೂಸರಿ, ಮ್ಯಾಕ್‌ಡೊವೆಲ್ ಪಾರ್ಕುಗಳು, ಟೂಸಾನ್ ಹತ್ತಿರದ ಕ್ಯಾಟಲಿನಾ ಸ್ಟೇಟ್ ಪಾರ್ಕ್, ಇಲ್ಲೆಲ್ಲ ನಿಮ್ಮ ಜಾಗದಲ್ಲೇ ಕರೆಂಟು, ನೀರು ಎರಡೂ ಸಿಗುತ್ತವೆ, ಹೊರಡುವಾಗ ಡಂಪ್. ಸುತ್ತ ಸಾಗುವಾರೋ ಕಳ್ಳಿಗಳು, ಜಾಗ ಅಗಲ. ಕಷ್ಟ ಒಂದೇ: ಫೆಬ್ರವರಿಯ ಜಾಗವನ್ನು ಬೇಸಿಗೆಯಲ್ಲೇ ಕಾದಿರಿಸಬೇಕು. ಖಾಸಗಿ ಪಾರ್ಕಿನಲ್ಲಿ ಕೊಳಚೆ ಪೈಪೂ ಸೇರಿ ಎಲ್ಲವೂ ಇರುತ್ತದೆ, ತಿಂಗಳ ದರ ಹಿಡಿದರೆ ರಾತ್ರಿಗೆ ಬೀಳುವುದು ಕಡಿಮೆ. ಮೂರು ಪ್ರಶ್ನೆ ಮೊದಲೇ ಕೇಳಿಬಿಡಿ. ತಿಂಗಳ ದರದಲ್ಲಿ ಕರೆಂಟು ಸೇರಿದೆಯೇ, ಮೀಟರ್ ಬೇರೆಯೇ? 55 ವರ್ಷ ದಾಟಿದವರಿಗೆ ಮಾತ್ರವೇ? ಹತ್ತು ವರ್ಷಕ್ಕಿಂತ ಹಳೆಯ ಗಾಡಿ ಒಪ್ಪುತ್ತಾರೆಯೇ? ಮೆಸಾ, ಯೂಮಾ ಕಡೆ ಎರಡನೆಯ ಪ್ರಶ್ನೆಯಲ್ಲೇ ಎಷ್ಟೋ ದಂಪತಿ ಹೊರಗುಳಿಯುತ್ತಾರೆ.

ಇಂಥ ಜಾಗದಲ್ಲಿ ಹಾಳಾಗುವುದು ನಮ್ಮ ಸೋಮಾರಿತನದಿಂದ. ಕೊಳಚೆ ಪೈಪ್ ಇದೆಯಲ್ಲ ಅಂತ ಬ್ಲ್ಯಾಕ್ ಟ್ಯಾಂಕಿನ ವಾಲ್ವ್ ತೆರೆದೇ ಬಿಟ್ಟರೆ ನೀರು ಹರಿದುಹೋಗುತ್ತದೆ, ಗಟ್ಟಿ ಪದಾರ್ಥ ತಳದಲ್ಲಿ ಗುಡ್ಡೆಯಾಗಿ ಒಣಗುತ್ತದೆ, ಆಮೇಲೆ ಯಾವ ದ್ರಾವಣಕ್ಕೂ ಜಗ್ಗುವುದಿಲ್ಲ. ಮುಚ್ಚಿಡಿ, ಮುಕ್ಕಾಲು ತುಂಬಿದ ಮೇಲೆ ಮೊದಲು ಬ್ಲ್ಯಾಕ್ ಬಿಡಿ, ಹಿಂದೆಯೇ ಗ್ರೇ ಬಿಟ್ಟು ಪೈಪ್ ತೊಳೆಯಿರಿ. ನೀರಿನ ನಲ್ಲಿಗೆ 45-50 ಪಿಎಸ್‌ಐ ಒತ್ತಡದ ರೆಗ್ಯುಲೇಟರ್ ಹಾಕದೆ ಪೈಪ್ ಸಿಕ್ಕಿಸಬೇಡಿ. ಕರೆಂಟಿನ ಕಂಬದಲ್ಲಿ ಬ್ರೇಕರ್ ಆಫ್ ಮಾಡಿಯೇ ಪ್ಲಗ್ ಹಾಕಿ, ಆಫ್ ಮಾಡಿಯೇ ತೆಗೆಯಿರಿ. ಹಳೆ ಕಂಬದ ಸಡಿಲ ಸಾಕೆಟ್ಟಿನಲ್ಲಿ ಪ್ಲಗ್ಗಿನ ಕಾಲು ಕಂದುಬಣ್ಣಕ್ಕೆ ತಿರುಗುತ್ತದೆ. ಹೀಟರ್ ಅರ್ಧ ಗಂಟೆ ಓಡಿದ ಮೇಲೆ ಪ್ಲಗ್ ಮುಟ್ಟಿ ನೋಡಿ, ಕೈ ಇಡಲಾಗದಷ್ಟು ಬಿಸಿಯಿದ್ದರೆ ಬೇರೆ ಜಾಗ ಕೇಳಿ.

30 ಆಂಪಿನ ಗಾಡಿಗೆ ಸಿಗುವುದು 3,600 ವ್ಯಾಟ್. ಹೀಟರ್ 1,500, ಬಿಸಿನೀರಿನ ಎಲಿಮೆಂಟ್ 1,400. ಮೈಕ್ರೋವೇವ್ ಒತ್ತಿದರೆ ಕತ್ತಲೆ.

ಬಿಸಿ ಮಾಡುವುದು ಹೇಗೆ

ಕ್ವಾರ್ಟ್ಸ್‌ಸೈಟ್ ಇರುವುದು ಸುಮಾರು 880 ಅಡಿ ಎತ್ತರದಲ್ಲಿ. ಜನವರಿಯ ಹಗಲು 20 ಡಿಗ್ರಿ ಸೆಲ್ಸಿಯಸ್ ಆಸುಪಾಸು, ರಾತ್ರಿ 5. ಒಮ್ಮೊಮ್ಮೆ ಸೊನ್ನೆಯ ಹತ್ತಿರ. ಪ್ರತಿ ಸಾವಿರ ಅಡಿ ಮೇಲೆ ಹೋದಂತೆ ಸುಮಾರು 2 ಡಿಗ್ರಿ ಇಳಿಯುತ್ತದೆ. 7,000 ಅಡಿಯ ಫ್ಲ್ಯಾಗ್‌ಸ್ಟಾಫ್ ಅದೇ ರಾಜ್ಯದಲ್ಲಿದ್ದರೂ ಅಲ್ಲಿ ಹಿಮ. ಚಳಿಗಾಲದಲ್ಲಿ 3,000 ಅಡಿ ದಾಟಬೇಡಿ.

ಗಾಡಿಯ ಜೊತೆ ಬರುವ 30,000 ಬಿಟಿಯು (ಗಂಟೆಗೆ ಕೊಡುವ ಶಾಖದ ಅಳತೆ) ಫರ್ನೇಸ್ ಬೆಂಕಿ ಉರಿಸುವುದು ಪ್ರೋಪೇನಿನಿಂದ, ಗಾಳಿ ಊದುವುದು ಬ್ಯಾಟರಿಯಿಂದ. ಇದನ್ನು ಮರೆತವರೇ ಬೆಳಗಿನ ಜಾವ ಮೂರಕ್ಕೆ ನಡುಗುತ್ತಾ ಏಳುತ್ತಾರೆ: ಸಿಲಿಂಡರ್ ತುಂಬಿದೆ, ಬ್ಯಾಟರಿ ಸತ್ತಿದೆ. ಹೊರಗೆ 4 ಡಿಗ್ರಿ, ಒಳಗೆ 13 ಇಟ್ಟಾಗ ಗಂಟೆಗೆ 20 ನಿಮಿಷ ಓಡಿತು. ಹತ್ತು ಗಂಟೆಯ ರಾತ್ರಿಗೆ ಬ್ಯಾಟರಿಯಿಂದ ಸುಮಾರು 25 ಆಂಪ್-ಅವರ್ (ಬ್ಯಾಟರಿಯ ಕರೆಂಟು ಅಳೆಯುವ ಲೆಕ್ಕ), 1.1 ಗ್ಯಾಲನ್ ಗ್ಯಾಸ್. 20 ಪೌಂಡಿನ ಸಿಲಿಂಡರಿನಲ್ಲಿ ಹಿಡಿಯುವುದು 4.7 ಗ್ಯಾಲನ್, ಅಂದರೆ ನಾಲ್ಕೇ ರಾತ್ರಿ. ಗ್ಯಾಸಿನ ಫ್ರಿಜ್ಜಿಗೆ, ಅಡುಗೆಗೆ ದಿನಕ್ಕೆ ಇನ್ನೊಂದು 0.45 ಗ್ಯಾಲನ್. ಗ್ಯಾಲನ್ನಿಗೆ ಮೂರೂವರೆ ಡಾಲರ್ ಹಿಡಿದರೆ ಬಿಟ್ಟಿ ಜಾಗದ ದಿನದ ಖರ್ಚು ಐದು ಡಾಲರ್ ದಾಟಿತು.

ಗೋಡೆಗೆ ಹಾಕುವ ಕ್ಯಾಟಲಿಟಿಕ್ ಹೀಟರಿಗೆ ಬ್ಯಾಟರಿ ಬೇಡವೇ ಬೇಡ, ಸದ್ದೂ ಇಲ್ಲ. 3,000 ಬಿಟಿಯುನಲ್ಲಿ ಹತ್ತು ಗಂಟೆಗೆ ಗ್ಯಾಲನ್ನಿನ ಮೂರನೆಯ ಒಂದು ಭಾಗ. ಲೆಕ್ಕದಲ್ಲಿ ಇದೇ ಗೆಲ್ಲುತ್ತದೆ, ಆದರೆ ಹೊಗೆಕೊಳವೆ ಇಲ್ಲದ್ದರಿಂದ ಉರಿದದ್ದೆಲ್ಲ ಒಳಗೇ ಉಳಿಯುತ್ತದೆ. ಒಂದು ಕಿಲೋ ಪ್ರೋಪೇನ್ ಉರಿದರೆ 1.6 ಕಿಲೋ ನೀರಾವಿ. ಮೇಲಿನ ಲೆಕ್ಕಕ್ಕೆ ರಾತ್ರಿಗೆ ಒಂದು ಲೀಟರ್ ನೀರು ಕಿಟಕಿಗೂ ಗೋಡೆಗೂ ಹಂಚಿಹೋಗುತ್ತದೆ. ಬೆಳಿಗ್ಗೆ ಗಾಜಿನ ಅಂಚಿನಲ್ಲಿ ಹನಿ ಸಾಲುಗಟ್ಟಿ ಇಳಿಯುತ್ತಿರುತ್ತದೆ. ಅದು ಕಾಣುತ್ತದೆ, ಒರೆಸಬಹುದು. ಕಾಣದಿರುವುದು ಹಾಸಿಗೆಯ ಅಡಿ. ಹಲಗೆಗೆ ತಾಗಿದ ಬದಿ ಒದ್ದೆಯಾಗಿ ಮೂರು ವಾರದಲ್ಲಿ ಬೂಸ್ಟು ಹಿಡಿಯುತ್ತದೆ. ಹಾಸಿಗೆ ಎತ್ತಿ ಹಗಲು ಗಾಳಿಯಾಡಿಸಿ. ಹೀಟರ್ ಉರಿಯುವಾಗ ಒಂದು ಕಿಟಕಿ, ಚಾವಣಿಯ ಕಿಂಡಿ ಎರಡನ್ನೂ ಒಂದಿಂಚು ತೆರೆದಿಡಲೇಬೇಕು, ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೆಲಸ ಮಾಡುತ್ತಿರಬೇಕು. ಉರಿಸಿಕೊಂಡು ಮಲಗಬೇಡಿ.

ಡೀಸೆಲ್ ಹೀಟರ್ ಒಣ ಬಿಸಿ ಕೊಡುತ್ತದೆ, ಹೊಗೆ ಹೊರಗೆ ಹೋಗುತ್ತದೆ. 2 ಕಿಲೋವ್ಯಾಟಿನದು ಸಣ್ಣ ಉರಿಯಲ್ಲಿ ಗಂಟೆಗೆ 0.1 ಲೀಟರ್, ಹೊತ್ತಿಕೊಳ್ಳುವಾಗ ಕೆಲವು ನಿಮಿಷ 10 ಆಂಪ್, ಆಮೇಲೆ ಒಂದೆರಡು. ಗ್ಯಾಸ್ ಬೇಡವೇ ಬೇಡ, ಬ್ಯಾಟರಿಯೂ ಫರ್ನೇಸಿಗಿಂತ ಕಡಿಮೆ ಸಾಕು. ಆದರೆ ಇಂಧನದ ಪಂಪಿನ ಟಿಕ್-ಟಿಕ್ ರಾತ್ರಿಯಿಡೀ; ರಬ್ಬರ್ ಹಿಡಿಕೆಯಲ್ಲಿ ತೂಗುಹಾಕಿದರೆ ತಗ್ಗುತ್ತದೆ. ಸದಾ ಸಣ್ಣ ಉರಿಯಲ್ಲೇ ಬಿಟ್ಟರೆ ಒಳಗೆ ಮಸಿ ಕಟ್ಟುತ್ತದೆ, ದಿನಕ್ಕೊಮ್ಮೆ ಕಾಲು ಗಂಟೆ ಜೋರು ಉರಿ ಕೊಡಿ. ನೆಲ ಕೊರೆದು ಕೂರಿಸುವ ಕೆಲಸ ಎಲ್ಲರಿಗೂ ಒಗ್ಗದು.

ನಮ್ಮ ಆಯ್ಕೆ ಬೆರಕೆ: ಸಂಜೆ ಎರಡು ಗಂಟೆ, ಬೆಳಿಗ್ಗೆ ಎರಡು ಗಂಟೆ ಎಚ್ಚರವಿರುವಾಗ ಕ್ಯಾಟಲಿಟಿಕ್, ರಾತ್ರಿ ಫರ್ನೇಸನ್ನು 10 ಡಿಗ್ರಿಗೆ ಇಳಿಸಿ ದಪ್ಪ ರಜಾಯಿ. ಫ್ರಿಜ್ಜು, ಅಡುಗೆ ಎಲ್ಲ ಸೇರಿ ದಿನಕ್ಕೆ 1.1 ಗ್ಯಾಲನ್ನಿಗೆ ಇಳಿಯಿತು. ಎರಡು ಸಿಲಿಂಡರ್ ಎಂಟೂವರೆ ದಿನ ಬಂದವು. ಅದು ನೀರು ಮುಗಿಯುವ ದಿನವೂ ಹೌದು, ಒಂದೇ ಓಡಾಟದಲ್ಲಿ ಎರಡೂ ಕೆಲಸ.

ಬ್ಯಾಟರಿ, ಬಿಸಿಲು

ಮರುಭೂಮಿಯಲ್ಲಿ ಬಿಸಿಲಿಗೇನು ಕಡಿಮೆ ಅಂದುಕೊಳ್ಳಬೇಡಿ. ಡಿಸೆಂಬರ್ ಕೊನೆಯಲ್ಲಿ ಹಗಲು ಹತ್ತೇ ಗಂಟೆ, ನಡುಮಧ್ಯಾಹ್ನವೂ ಸೂರ್ಯ ದಕ್ಷಿಣದಲ್ಲಿ 33 ಡಿಗ್ರಿಗಿಂತ ಮೇಲೇರುವುದಿಲ್ಲ. ಚಾವಣಿಗೆ ಅಂಟಿ ಮಲಗಿದ 400 ವ್ಯಾಟ್ ಪ್ಯಾನೆಲ್ ದಿನಕ್ಕೆ ಕೊಡುವುದು 75 ಆಂಪ್-ಅವರ್. ಅದನ್ನೇ 55-60 ಡಿಗ್ರಿ ಎತ್ತಿ ದಕ್ಷಿಣಕ್ಕೆ ತಿರುಗಿಸಿದರೆ 120. ಅದಕ್ಕಾಗಿ ಟ್ರೇಲರನ್ನು ಪೂರ್ವ-ಪಶ್ಚಿಮ ಉದ್ದಕ್ಕೆ ನಿಲ್ಲಿಸಿ, ದೊಡ್ಡ ಕಿಟಕಿ ದಕ್ಷಿಣಕ್ಕೆ, ಫ್ರಿಜ್ಜಿನ ಗಾಳಿಕಿಂಡಿ ಉತ್ತರಕ್ಕೆ ಬರುವಂತೆ. ಗಾಳಿ ಎದ್ದ ದಿನ ಪ್ಯಾನೆಲ್ ಇಳಿಸಿಬಿಡಿ.

ದಿನದ ಖರ್ಚಿನ ಕಡೆ, ಆಂಪ್-ಅವರಿನಲ್ಲಿ: ಫರ್ನೇಸ್ ಪೂರಾ ಓಡಿದರೆ 25, ದೀಪ-ಪಂಪು-ಫೋನು-ಲ್ಯಾಪ್‌ಟಾಪಿಗೆ 25, ಏನೂ ಹಾಕದಿದ್ದರೂ ಅಲಾರಂ ಮತ್ತು ಫ್ರಿಜ್ಜಿನ ಬೋರ್ಡ್ ತಿನ್ನುವುದು 12. ಮಲಗಿದ ಪ್ಯಾನೆಲ್ಲಿಗೆ ಇದು ಸರಿಹೋಯಿತು. ಕೆಲಸ ಮಾಡುತ್ತಲೇ ತಿರುಗುವವರು ಉಪಗ್ರಹದ ಇಂಟರ್ನೆಟ್ ಸ್ಟಾರ್‌ಲಿಂಕ್ ಹಾಕಿದರೆ 50ರಿಂದ 75 ವ್ಯಾಟ್. ಎಂಟು ಗಂಟೆಗೆ ಇನ್ನೂ ಸುಮಾರು 40 ಆಂಪ್-ಅವರ್. ಆಗ ಎತ್ತಿದ ಪ್ಯಾನೆಲ್ ಬೇಕೇ ಬೇಕು.

6 ವೋಲ್ಟಿನ ಸೀಸದ ಗಾಲ್ಫ್‌ಕಾರ್ಟ್ ಬ್ಯಾಟರಿ ಎರಡನ್ನು ಜೋಡಿಸಿದರೆ 220 ಆಂಪ್-ಅವರ್, ಬಳಸಬಹುದಾದ್ದು ಅರ್ಧ. 100 ಆಂಪ್-ಅವರಿನ ಒಂದು ಲಿಥಿಯಂ ಹೆಚ್ಚುಕಡಿಮೆ ಅಷ್ಟೇ ಕೊಡುತ್ತದೆ, ತೂಕ 12 ಕಿಲೋ ಆಸುಪಾಸು. ಆ ಸೀಸದ ಜೋಡಿ 55 ಕಿಲೋ ದಾಟುತ್ತದೆ. ಲಿಥಿಯಂನ ಚಳಿಗಾಲದ ದೋಷ ಒಂದು: ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಆಗುವುದಿಲ್ಲ, ಆಗಿಸಲೂಬಾರದು. ಮುಂದಿನ ಕೊಕ್ಕೆಯ ಮೇಲಿನ ಡಬ್ಬಿಯಿಂದ ತೆಗೆದು ಮಂಚದ ಕೆಳಗೆ ಇಡಿ. ಕಂಬದ ಕರೆಂಟಿನಿಂದ ಬ್ಯಾಟರಿ ತುಂಬುವ ಹಳೆಯ ಕನ್ವರ್ಟರನ್ನೂ ಬದಲಿಸಬೇಕು, 13.6 ವೋಲ್ಟಿಗೆ ನಿಲ್ಲುವ ಕನ್ವರ್ಟರ್ ಲಿಥಿಯಂ ಪೂರಾ ತುಂಬುವುದಿಲ್ಲ. ಸೀಸದ ಬ್ಯಾಟರಿ ಇರುವವರು ಮೋಡದ ದಿನ ಜನರೇಟರನ್ನು ಬೆಳಿಗ್ಗೆ ಓಡಿಸಿ, ಸಂಜೆ ಅಲ್ಲ. ಖಾಲಿ ಬ್ಯಾಟರಿ ಮೊದಲ ಎರಡು ಗಂಟೆ ಗಬಗಬ ಎಳೆದುಕೊಳ್ಳುತ್ತದೆ; ಕೊನೆಯ 20 ಶೇಕಡಾ ನಿಧಾನ, ಅದನ್ನು ಮಂಕು ಬಿಸಿಲೇ ಮಾಡಿಕೊಳ್ಳಲಿ.

ಋತುವನ್ನು ಹಂಚಿಕೊಂಡರೆ

ನವೆಂಬರಿನಲ್ಲಿ ಫೀನಿಕ್ಸ್ ಪಕ್ಕದ ಚಾಂಡ್ಲರ್, ಟೆಂಪಿಯ ಭಾರತೀಯ ಅಂಗಡಿಗಳಲ್ಲಿ ಬೇಳೆ, ರಾಗಿಹಿಟ್ಟು ತುಂಬಿಕೊಂಡು ಲಾ ಪೋಸಾಕ್ಕೆ ಇಳಿಯಿರಿ. ಆಮೇಲೆ ಅವುಗಳಿಗಾಗಿ 130 ಮೈಲಿಗೂ ಹೆಚ್ಚು ಬರಬೇಕಾಗುತ್ತದೆ. ದೋಸೆ ಹಿಟ್ಟು ರಾತ್ರಿಯ ಚಳಿಗೆ ಹುಳಿ ಬರುವುದಿಲ್ಲ. ಐಸ್ ಡಬ್ಬಿಯೊಳಗೆ ಬಿಸಿನೀರಿನ ಬಾಟಲಿಯ ಪಕ್ಕ ಇಟ್ಟು ಮುಚ್ಚಿ. ಜನವರಿ ನಡುವೆ ಇಂಪೀರಿಯಲ್ ಡ್ಯಾಮ್. ತಿಂಗಳಿಗೊಮ್ಮೆ ಮೂರು-ನಾಲ್ಕು ರಾತ್ರಿ ಕರೆಂಟಿನ ಜಾಗ: ಬಟ್ಟೆ, ಉದ್ದನೆಯ ಸ್ನಾನ, ಬ್ಯಾಟರಿ ಪೂರಾ ಚಾರ್ಜ್, ಟ್ಯಾಂಕ್ ತೊಳೆಯುವುದು. ಮಾರ್ಚ್ ಕೊನೆಗೆ ತಗ್ಗಿನಲ್ಲಿ ಸೆಕೆ ಶುರು. ಆಗ ಕ್ಯಾಟಲಿನಾದ 2,700 ಅಡಿ ಹಿತ. ಪರ್ಮಿಟ್ ಏಪ್ರಿಲ್ 15ರ ತನಕ ಇದೆಯೆಂದು ಕೆಳಗೇ ಕೂತರೆ, ಬಿಸಿಲ ಬದಿಯಲ್ಲಿರುವ ಗ್ಯಾಸ್ ಫ್ರಿಜ್ಜು ಮಧ್ಯಾಹ್ನ ಮೂರಕ್ಕೆ ಕೈಚೆಲ್ಲುತ್ತದೆ, ಮೊಸರು ಸಂಜೆಯೊಳಗೆ ಹುಳಿಯಾಗುತ್ತದೆ.